ಬಿಎ ಇತಿಹಾಸಕ್ಕೆ ಕಾಲೇಜು ಆರಿಸುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳಿಗೆ

ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಮನೆಯಲ್ಲಿ ಒಂದೇ ಮಾತು: ಮುಂದೇನು? ಮಗಳು "ಬಿಎ ಮಾಡ್ತೀನಿ, ಹಿಸ್ಟರಿ ತಗೋತೀನಿ" ಅಂದರೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಪಕ್ಕದ ಮನೆಯವರು "ಅದನ್ನ ಓದಿ ಏನ್ ಮಾಡ್ತೀಯಮ್ಮ?" ಅಂತ ಕೇಳದೆ ಬಿಡುವುದಿಲ್ಲ. ಆ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಇತಿಹಾಸ ಓದಬೇಕು ಅಂತ ನೀವು ಆಗಲೇ ತೀರ್ಮಾನ ಮಾಡಿದ್ದೀರಿ, ಕಾಲೇಜು ಯಾವುದು ಅನ್ನುವುದಷ್ಟೇ ಬಾಕಿ ಅಂದುಕೊಂಡು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇತಿಹಾಸಕ್ಕೆ ಕಾಲೇಜು ಆರಿಸುವಾಗ ನೋಡಬೇಕಾದ್ದು ಮುಖ್ಯವಾಗಿ ಎರಡು. ಇತಿಹಾಸದ ಜೊತೆಗೆ ಅಲ್ಲಿ ಯಾವ ವಿಷಯ ಸಿಗುತ್ತದೆ? ಇತಿಹಾಸ ಪಾಠ ಮಾಡುವವರು ಯಾರು? ಕಟ್ಟಡ, ಕ್ಯಾಂಪಸ್ಸು, ಹೆಸರು, ಗೆಳೆಯರು ಎಲ್ಲಿ ಸೇರಿದರು ಎಂಬುದು ಎಲ್ಲಾ ಆಮೇಲೆ. ಆದರೆ ನಮ್ಮಲ್ಲಿ ಜಾಸ್ತಿ ಜನ ಆರಿಸುವುದು ತಿರುಗುಮುರುಗಾಗಿ, ಅಲ್ವಾ?

ಮೊದಲು ಕಾಂಬಿನೇಷನ್, ಆಮೇಲೆ ಕಾಲೇಜು

ಈಗ ಬಿಎ ಅಂದರೆ ಮೂರು ವರ್ಷ, ಆರು ಸೆಮಿಸ್ಟರ್. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದಾಗ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಶುರುವಾಗಿತ್ತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಮೂರ್ನಾಲ್ಕು ವರ್ಷ ಹಿಂದೆ ಸೇರಿದ ಅಣ್ಣನೋ ಅಕ್ಕನೋ ಹೇಳುವ ಲೆಕ್ಕ ನಿಮಗೆ ಪೂರ್ತಿ ಹೊಂದುವುದಿಲ್ಲ. ಅವರು ಎರಡು ಮೇಜರ್ ಅನ್ನುತ್ತಾರೆ, ಓಪನ್ ಎಲೆಕ್ಟಿವ್ ಅನ್ನುತ್ತಾರೆ. ಈಗ ಮೂರು ಐಚ್ಛಿಕ ವಿಷಯಗಳ ಪದ್ಧತಿ. ಜೊತೆಗೆ ಭಾಷೆಗಳು.

ಆ ಮೂರರಲ್ಲಿ ಒಂದು ಇತಿಹಾಸ. ಉಳಿದ ಎರಡು ಯಾವುವು ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ಸೇರಿದ ಎಚ್‌ಇಪಿ ಬಹಳ ಕಡೆ ಇರುತ್ತದೆ. ಸಮಾಜಶಾಸ್ತ್ರ, ಐಚ್ಛಿಕ ಕನ್ನಡ, ಭೂಗೋಳ ಸೇರಿದವು ಕೆಲವು ಕಡೆ ಮಾತ್ರ. ಒಂದು ಕಾಲೇಜಿನಲ್ಲಿ ಇತಿಹಾಸವೂ ಇದೆ, ಐಚ್ಛಿಕ ಕನ್ನಡವೂ ಇದೆ ಅಂದ ಮಾತ್ರಕ್ಕೆ ಎರಡೂ ಒಂದೇ ಕಾಂಬಿನೇಷನ್‌ನಲ್ಲಿ ಸಿಗುತ್ತವೆ ಅಂತ ಅಲ್ಲ. ಎರಡರ ತರಗತಿಯೂ ಒಂದೇ ಹೊತ್ತಿಗೆ ಇಟ್ಟಿರಬಹುದು. ಇದನ್ನು ಕೇಳಿಯೇ ತಿಳಿಯಬೇಕು.

ಯಾವುದನ್ನು ಆರಿಸಬೇಕು ಎಂಬುದು ಮುಂದೆ ಎಲ್ಲಿಗೆ ಹೋಗಬೇಕು ಅಂತ ಇದ್ದೀರಿ ಎಂಬುದರ ಮೇಲೆ ನಿಂತಿದೆ.

ಕೆಎಎಸ್, ಪಿಡಿಒ, ಎಫ್‌ಡಿಎ ಅಂತ ಸ್ಪರ್ಧಾತ್ಮಕ ಪರೀಕ್ಷೆಯ ಕಡೆ ಮನಸ್ಸಿದ್ದರೆ ಎಚ್‌ಇಪಿ ಒಳ್ಳೆಯದು. ಸಂವಿಧಾನ, ಆರ್ಥಿಕತೆ, ಇತಿಹಾಸ ಮೂರೂ ಪರೀಕ್ಷೆಯಲ್ಲಿ ಹೇಗೂ ಬರುತ್ತವೆ. ತರಗತಿಯಲ್ಲೇ ಅಡಿಪಾಯ ಬಿದ್ದಿರುತ್ತದೆ.

ಶಿಕ್ಷಕರಾಗಬೇಕು ಅಂತಿದ್ದರೆ ಒಂದು ಕೆಲಸ ಮಾಡಿ. ಪದವೀಧರ ಪ್ರಾಥಮಿಕ ಶಿಕ್ಷಕರ ಮತ್ತು ಪ್ರೌಢಶಾಲಾ ಸಹಶಿಕ್ಷಕರ ನೇಮಕಾತಿಯ ಹಳೆಯ ಅಧಿಸೂಚನೆ ಹುಡುಕಿ ಓದಿ. ಸಮಾಜ ವಿಜ್ಞಾನದ ಹುದ್ದೆಗೆ ಪದವಿಯಲ್ಲಿ ಯಾವ ಯಾವ ವಿಷಯ ಓದಿರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಬಿಎ ಮುಗಿಸಿ, ಎರಡು ವರ್ಷ ಬಿಇಡಿ ಮುಗಿಸಿ, ಅರ್ಜಿ ಹಾಕುವ ದಿನ "ನನ್ನ ಕಾಂಬಿನೇಷನ್ ನಡೆಯಲ್ವಂತೆ" ಅಂತ ಗೊತ್ತಾಗುವುದಕ್ಕಿಂತ ಈಗಲೇ ಒಂದು ಗಂಟೆ ಕೂತು ಓದುವುದು ಮೇಲು.

ಶಾಸನ, ಪುರಾತತ್ವ, ಸಂಶೋಧನೆ ಅಂತ ಆಸೆ ಇರುವವರು ಕಡಿಮೆ. ಆದರೆ ಇದ್ದಾರೆ. ಅವರಿಗೆ ನನ್ನ ಸಲಹೆ ಐಚ್ಛಿಕ ಕನ್ನಡ. ಹಳಗನ್ನಡ ಬಾರದೆ ಕನ್ನಡ ಶಾಸನ ಓದಲು ಆಗುವುದಿಲ್ಲ. ನಮ್ಮ ಎರಡು ಜಿಲ್ಲೆಗಳ ಮಧ್ಯಕಾಲದ ಇತಿಹಾಸದ ಮುಖ್ಯ ಆಧಾರವೇ ಕನ್ನಡ ಶಾಸನಗಳು. ಇತಿಹಾಸ ಮತ್ತು ಐಚ್ಛಿಕ ಕನ್ನಡ ಒಟ್ಟಿಗೆ ಸಿಗುವ ಕಾಲೇಜು ಸ್ವಲ್ಪ ದೂರ ಇದ್ದರೂ ನಾನಾದರೆ ಅದನ್ನೇ ಆರಿಸುತ್ತೇನೆ.

ಪಿಯುಸಿಯಲ್ಲಿ ಸೈನ್ಸ್ ಅಥವಾ ಕಾಮರ್ಸ್ ಓದಿದವರೂ ಬಿಎ ಇತಿಹಾಸಕ್ಕೆ ಬರಬಹುದು. ಮೊದಲ ಸೆಮಿಸ್ಟರ್ ಸ್ವಲ್ಪ ಹೊಸದು ಅನಿಸುತ್ತದೆ, ಅಷ್ಟೇ.

ಕಾಲೇಜುಗಳ ಪಟ್ಟಿ ಮಾಡಿಕೊಳ್ಳಿ

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಗೆ ಇರುವುದು ದಾವಣಗೆರೆ ವಿಶ್ವವಿದ್ಯಾಲಯ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿದೆ. 2009ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ಇಲ್ಲಿನ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ಕೆಳಗಿದ್ದವು. ಒಂದೇ ವಿಶ್ವವಿದ್ಯಾಲಯ ಅಂದರೆ, ಪಠ್ಯ ಮತ್ತು ಪರೀಕ್ಷೆ ತಾವೇ ಮಾಡಿಕೊಳ್ಳುವ ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಕೊನೆಗೆ ಸಿಗುವ ಡಿಗ್ರಿಯೂ ಒಂದೇ. ಚಳ್ಳಕೆರೆಯಲ್ಲಿ ಓದಿದವರಿಗೂ ದಾವಣಗೆರೆ ಪೇಟೆಯಲ್ಲಿ ಓದಿದವರಿಗೂ ಸರ್ಟಿಫಿಕೇಟಿನಲ್ಲಿ ಬರುವ ವಿಶ್ವವಿದ್ಯಾಲಯದ ಹೆಸರು ಅದೇ. ಇದು ಬಹಳ ಮನೆಗಳಲ್ಲಿ ಗೊತ್ತಿಲ್ಲ. "ಸಿಟಿ ಕಾಲೇಜಿಗೆ ವ್ಯಾಲ್ಯೂ ಜಾಸ್ತಿ" ಅನ್ನುವ ಮಾತು ಬಿಎ ಮಟ್ಟದಲ್ಲಿ ಅರ್ಧ ಸುಳ್ಳು.

ದುರ್ಗದಲ್ಲಿ ಸರ್ಕಾರಿ ಕಲಾ ಕಾಲೇಜು ಇದೆ, ಎಸ್‌ಜೆಎಂ ಕಾಲೇಜು ಇದೆ. ದಾವಣಗೆರೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಎಆರ್‌ಜಿ ಕಾಲೇಜು, ಹೆಣ್ಣುಮಕ್ಕಳಿಗೆ ಎವಿಕೆ ಕಾಲೇಜು. ಚಳ್ಳಕೆರೆಯಲ್ಲಿ ಎಚ್‌ಪಿಪಿಸಿ ಸರ್ಕಾರಿ ಕಾಲೇಜು, ಹಿರಿಯೂರಿನಲ್ಲಿ ವಾಣಿ ಸಕ್ಕರೆ ಸರ್ಕಾರಿ ಕಾಲೇಜು. ಬೇರೆ ತಾಲ್ಲೂಕು ಕೇಂದ್ರದವರು ತಮ್ಮ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜನ್ನೂ ಬರೆದುಕೊಳ್ಳಿ. ಈ ವರ್ಷ ಯಾವ ಕಾಂಬಿನೇಷನ್ ನಡೆಯುತ್ತಿದೆ ಎಂಬುದನ್ನು ಆಯಾ ಕಾಲೇಜಿನ ಆಫೀಸಿನಲ್ಲೇ ಕೇಳಿ. ವೆಬ್‌ಸೈಟಿನಲ್ಲಿ ಎಷ್ಟೋ ಸಲ ಹಳೆಯ ಪಟ್ಟಿಯೇ ಕೂತಿರುತ್ತದೆ.

ಗಡಿಯ ತಾಲ್ಲೂಕಿನವರಿಗೆ ಇನ್ನೊಂದು ದಾರಿಯೂ ಇದೆ. ಚನ್ನಗಿರಿ, ಹೊನ್ನಾಳಿ ಕಡೆಯವರಿಗೆ ಶಿವಮೊಗ್ಗವೂ ಹತ್ತಿರವೇ. ಅಲ್ಲಿನ ಸಹ್ಯಾದ್ರಿ ಕಲಾ ಕಾಲೇಜು ಕುವೆಂಪು ವಿಶ್ವವಿದ್ಯಾಲಯದ್ದೇ ಘಟಕ ಕಾಲೇಜು. ಮೊಳಕಾಲ್ಮುರಿನವರಿಗೆ ಬಳ್ಳಾರಿ ಇದೆ. ಆದರೆ ವಿಶ್ವವಿದ್ಯಾಲಯ ಬೇರೆಯಾದರೆ ಪಠ್ಯವೂ ಬೇರೆ. ನಡುವೆ ಕಾಲೇಜು ಬದಲಿಸಬೇಕಾಗಿ ಬಂದರೆ ತೊಂದರೆ.

ಬಸ್ಸು, ಹಾಸ್ಟೆಲ್ಲು, ದುಡ್ಡು

ಕಾಲೇಜಿಗೆ ದಿನಾ ಓಡಾಡುತ್ತೀರಾ ಅಥವಾ ಅಲ್ಲೇ ಉಳಿಯುತ್ತೀರಾ? ಇದನ್ನು ಮನೆಯವರ ಜೊತೆ ಕೂತು ಮಾತಾಡಿ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಬಸ್ಸಿನಲ್ಲಿ ಕಳೆದರೆ ಇತಿಹಾಸದಂಥ ಓದುವ ವಿಷಯಕ್ಕೆ ಉಳಿಯುವುದು ಏನು? ಮೊದಲ ಪೀರಿಯಡ್ ದಿನಾ ತಪ್ಪುತ್ತಿದ್ದರೆ ಹಾಜರಾತಿಯೂ ಕುಸಿಯುತ್ತದೆ. ಶೇ. 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದು ಕಷ್ಟ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಆದರೆ ನಮ್ಮ ಕಡೆ ಎಷ್ಟೋ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಅಲ್ಲಿ ಶಕ್ತಿ ನಡೆಯುವುದಿಲ್ಲ. ಕಾಲೇಜಿನ ಹೊತ್ತಿಗೆ ನಿಮ್ಮ ಊರಿನಿಂದ ಸರ್ಕಾರಿ ಬಸ್ಸು ಇದೆಯಾ ಅಂತ ನೋಡಿ. ಇಲ್ಲದಿದ್ದರೆ ತಿಂಗಳಿಗೆ ಬಸ್ ಚಾರ್ಜು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಹುಡುಗರಿಗೆ ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಇದೆ. ಅದೂ ಸರ್ಕಾರಿ ಬಸ್ಸಿಗೆ ಮಾತ್ರ.

ಉಳಿಯುವುದಾದರೆ ಸಮಾಜ ಕಲ್ಯಾಣ ಇಲಾಖೆಯ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಹಳ್ಳಿಯವರು ಎರಡನೆಯದನ್ನು ಬಿಸಿಎಂ ಹಾಸ್ಟೆಲ್ ಅಂತಲೇ ಕರೆಯುವುದು. ಹಾಸ್ಟೆಲ್ ಅರ್ಜಿ ಕಾಲೇಜಿನ ಅರ್ಜಿಯಿಂದ ಬೇರೆ. ಕಾಲೇಜು ಸೇರಿದ ಮೇಲೆ ನಿಧಾನಕ್ಕೆ ಹಾಕಿದರಾಯ್ತು ಅಂತ ಬಿಟ್ಟವರಿಗೆ ಸೀಟು ಸಿಗುವುದಿಲ್ಲ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಗೆ ಸಹಾಯಧನ ಕೊಡುವ ವಿದ್ಯಾಸಿರಿ ಯೋಜನೆ ಇದೆ.

ಫೀಸಿನ ವಿಷಯ. ಸರ್ಕಾರಿ ಕಾಲೇಜಿನಲ್ಲಿ ಬಿಎ ಫೀಸು ವರ್ಷಕ್ಕೆ ಕೆಲವು ಸಾವಿರದ ಒಳಗೇ ಮುಗಿಯುತ್ತದೆ. ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಇದೆ. ಖಾಸಗಿ ಕಾಲೇಜುಗಳಲ್ಲಿ ಸಂಸ್ಥೆಗೊಂದು ಲೆಕ್ಕ. ಅನುದಾನಿತ ಕಾಲೇಜಿನಲ್ಲೂ ಕೆಲವು ಕಾಂಬಿನೇಷನ್ ಅನುದಾನ ಇಲ್ಲದೆ ನಡೆಯುತ್ತಿರಬಹುದು, ಅಲ್ಲಿ ಫೀಸು ಬೇರೆ. ಯಾವುದೇ ದುಡ್ಡು ಕಟ್ಟಿದರೂ ರಸೀದಿ ಕೇಳಿ ತಗೊಳ್ಳಿ.

ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಅರ್ಜಿ ಹಾಕುವ ಮುಂಚೆ ಪಟ್ಟಿಯಲ್ಲಿರುವ ಎರಡು ಮೂರು ಕಾಲೇಜಿಗೆ ಹೋಗಿ. ಆಫೀಸಿನ ಕಿಟಕಿಯಿಂದಲೇ ವಾಪಸ್ ಬರಬೇಡಿ. ಇತಿಹಾಸ ವಿಭಾಗ ಎಲ್ಲಿದೆ ಅಂತ ಕೇಳಿಕೊಂಡು ಒಳಗೆ ಹೋಗಿ. "ನಮಸ್ಕಾರ ಸರ್, ಬಿಎ ಸೇರಬೇಕು ಅಂತಿದ್ದೀನಿ, ಇತಿಹಾಸದ ಬಗ್ಗೆ ಸ್ವಲ್ಪ ಕೇಳೋದಿತ್ತು" ಅಂದರೆ ಯಾವ ಮೇಷ್ಟ್ರೂ ಬೈಯುವುದಿಲ್ಲ. ಮಕ್ಕಳು ಬರುತ್ತಿಲ್ಲ ಅನ್ನುವ ಚಿಂತೆಯಲ್ಲಿರುವ ವಿಭಾಗಗಳಲ್ಲಂತೂ ಕುರ್ಚಿ ಹಾಕಿ ಕೂರಿಸುತ್ತಾರೆ.

ಕೇಳಬೇಕಾದ್ದು ಏನು?

ಇತಿಹಾಸಕ್ಕೆ ಕಾಯಂ ಅಧ್ಯಾಪಕರು ಇದ್ದಾರಾ, ಎಷ್ಟು ಜನ? ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಬಹುಮಟ್ಟಿಗೆ ನಡೆಯುವುದು ಅತಿಥಿ ಉಪನ್ಯಾಸಕರ ಮೇಲೆ. ಅವರ ನೇಮಕ ಪ್ರತಿ ವರ್ಷ ಹೊಸದಾಗಿ ಆಗಬೇಕು. ಅದು ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಪಾಠವಿಲ್ಲದೆ ಹೋಗುತ್ತವೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಅಂತ ಅವರು ರಾಜ್ಯದಾದ್ಯಂತ ಮುಷ್ಕರ ಕೂತಾಗ ಎಷ್ಟೋ ಕಾಲೇಜಿನಲ್ಲಿ ತರಗತಿ ನಿಂತೇಹೋಗಿದ್ದವು. ತಪ್ಪು ಅವರದಲ್ಲ, ಪರಿಣಾಮ ಮಾತ್ರ ನಿಮ್ಮ ಮೇಲೆ. ಹಾಗಂತ ಅತಿಥಿ ಉಪನ್ಯಾಸಕರು ಕಮ್ಮಿ ಅಂತ ತಿಳಿಯಬೇಡಿ. ಕೆಸೆಟ್, ನೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ, ಪಿಎಚ್‌ಡಿ ಮಾಡಿಕೊಂಡು ಬಹಳ ಚೆನ್ನಾಗಿ ಪಾಠ ಮಾಡುವವರು ಅವರಲ್ಲಿ ಬೇಕಾದಷ್ಟು ಇದ್ದಾರೆ. ನೋಡಬೇಕಾದ್ದು ವಿಭಾಗದಲ್ಲಿ ವರ್ಷವಿಡೀ ಇರುವವರು ಒಬ್ಬರಾದರೂ ಇದ್ದಾರಾ ಎಂಬುದನ್ನು.

ಹೋದ ವರ್ಷ ಇತಿಹಾಸ ತೆಗೆದುಕೊಂಡವರು ಎಷ್ಟು ಮಂದಿ? ತೀರಾ ಕಡಿಮೆ ಮಂದಿ ಇದ್ದ ಕಾಂಬಿನೇಷನ್ ಈ ವರ್ಷ ನಿಂತುಹೋಗಬಹುದು. ಸೇರಿದ ಮೇಲೆ "ಈ ಸಲ ಅದು ಇಲ್ಲ, ಬೇರೆ ತಗೋಳಿ" ಅಂತ ಹೇಳಿಸಿಕೊಳ್ಳುವುದು ಬೇಡ.

"ಮಕ್ಕಳನ್ನ ಹೋದ ವರ್ಷ ಎಲ್ಲಿಗೆ ಕರ್ಕೊಂಡು ಹೋಗಿದ್ರಿ ಸರ್?" ಈ ಪ್ರಶ್ನೆ ನನಗೆ ಬಹಳ ಇಷ್ಟ. ಉತ್ತರದಲ್ಲಿ ವಿಭಾಗದ ಜಾತಕವೇ ಸಿಗುತ್ತದೆ. ಮೈಸೂರು, ಊಟಿ ಟೂರು ಅಂದರೆ ಒಂದು ಥರ. "ಚಂದ್ರವಳ್ಳಿಗೆ ಹೋಗಿ ಶಾಸನ ತೋರಿಸಿದ್ವಿ, ಬಂದು ವರದಿ ಬರೆಸಿದ್ವಿ" ಅಂದರೆ ಇನ್ನೊಂದು ಥರ. ಎರಡನೆಯ ಉತ್ತರ ಬಂದರೆ ಆ ಕಾಲೇಜಿನ ಗೋಡೆ ಸುಣ್ಣ ಕಂಡು ಹತ್ತು ವರ್ಷ ಆಗಿದ್ದರೂ ಚಿಂತೆಯಿಲ್ಲ, ಸೇರಿ.

ಆಮೇಲೆ ಹೊರಗೆ ಬಂದು ಎರಡನೇ ವರ್ಷದ, ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿ. ಕ್ಯಾಂಟೀನಿನಲ್ಲಿ ಒಂದು ಮಂಡಕ್ಕಿ, ಮಿರ್ಚಿ ಹೇಳಿ ಕೂತರೆ ಆಫೀಸಿನಲ್ಲಿ ಸಿಗದ ಸುದ್ದಿಯೆಲ್ಲ ಸಿಗುತ್ತದೆ. ಪಾಠ ನಡೆಯುತ್ತಾ? ಮೇಷ್ಟ್ರು ವಿವರಿಸುತ್ತಾರಾ, ಇಲ್ಲಾ ನೋಟ್ಸ್ ಬರೆಸುತ್ತಾರಾ? ಇಂಟರ್ನಲ್ ಅಂಕ ಹೇಗೆ ಕೊಡುತ್ತಾರೆ? ಪ್ರಶ್ನೆ ಕೇಳಿದರೆ ಖುಷಿಪಡುತ್ತಾರಾ, ಸಿಟ್ಟಾಗುತ್ತಾರಾ? ಕೊನೆಯದನ್ನು ತಪ್ಪದೆ ಕೇಳಿ. ದುರ್ಗದಲ್ಲಿ ಒನಕೆ ಓಬವ್ವನ ಕಥೆ ಗೊತ್ತಿಲ್ಲದವರು ಯಾರು? "ಇದಕ್ಕೆ ಆಧಾರ ಯಾವುದು ಸರ್? ಆ ಕಾಲದ ಬರಹದಲ್ಲಿ ಇದೆಯಾ, ಜನರ ಬಾಯಲ್ಲಿ ಉಳಿದು ಬಂದದ್ದಾ?" ಅಂತ ಒಬ್ಬ ವಿದ್ಯಾರ್ಥಿ ಕೇಳಿದಾಗ ಕೂತು ಬಿಡಿಸಿ ಹೇಳುವ ಮೇಷ್ಟ್ರು ಇದ್ದರೆ, ಮೂರು ವರ್ಷದಲ್ಲಿ ನೀವು ನಿಜವಾಗಿ ಇತಿಹಾಸ ಕಲಿಯುತ್ತೀರಿ. "ಸುಮ್ನೆ ಕೂತ್ಕೋ, ಪರೀಕ್ಷೆಗೆ ಬರಲ್ಲ" ಅಂದರೆ ಗೈಡು ಓದಿ ಪಾಸಾಗುತ್ತೀರಿ. ಡಿಗ್ರಿ ಎರಡೂ ಕಡೆ ಸಿಗುತ್ತದೆ.

ನ್ಯಾಕ್ ಗ್ರೇಡ್ ಬಗ್ಗೆಯೂ ಕೇಳುತ್ತಾರೆ. ಅದು ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ ಇಡೀ ಕಾಲೇಜಿಗೆ ಕೊಟ್ಟ ಅಂಕ. ಇತಿಹಾಸ ವಿಭಾಗ ಹೇಗಿದೆ ಅಂತ ಅದರಿಂದ ತಿಳಿಯುವುದಿಲ್ಲ. ನೋಡಿ, ಆದರೆ ಅದೊಂದನ್ನೇ ನಂಬಬೇಡಿ.

ಲೈಬ್ರರಿಯಲ್ಲಿ ಹತ್ತು ನಿಮಿಷ

ಹೇಗೂ ಹೋಗಿರುತ್ತೀರಿ, ಲೈಬ್ರರಿಗೂ ಒಂದು ಸುತ್ತು ಹಾಕಿ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಇದೆಯಾ ಅಂತ ಕೇಳಿ. ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳು ಇರುವುದು ಅದರಲ್ಲಿ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ದಾವಣಗೆರೆ, ಹರಿಹರ, ಜಗಳೂರು ಕಡೆಯ ಶಾಸನವನ್ನೂ ಅದೇ ಸಂಪುಟದಲ್ಲಿ ಹುಡುಕಬೇಕು. ಚಿತ್ರದುರ್ಗ ಜಿಲ್ಲಾ ಗ್ಯಾಸೆಟಿಯರ್ ಇದೆಯಾ? ಹುಲ್ಲೂರು ಶ್ರೀನಿವಾಸ ಜೋಯಿಸರಂಥ ಸ್ಥಳೀಯ ಸಂಶೋಧಕರ ಬರಹ ಇದೆಯಾ? ಇವೆಲ್ಲ ಇದ್ದು, ಪುಸ್ತಕದ ಹಿಂದಿನ ಸ್ಲಿಪ್ಪಿನಲ್ಲಿ ಇತ್ತೀಚಿನ ತಾರೀಕಿನ ಮುದ್ರೆಯೂ ಇದ್ದರೆ ಇನ್ನೂ ಒಳ್ಳೆಯದು. ಕಪಾಟಿಗೆ ಬೀಗ ಹಾಕಿ ಇಟ್ಟ ಪುಸ್ತಕ ಯಾರಿಗೂ ಉಪಯೋಗವಿಲ್ಲ.

ಊರ ಸುತ್ತ ಏನಿದೆ ಅಂತ ಗೊತ್ತಿರಲಿ

ಮಗ ಇತಿಹಾಸ ಓದಲು ಬೆಂಗಳೂರಿಗೇ ಹೋಗಬೇಕು ಅಂತ ಹಟ ಹಿಡಿದರೆ ಅವನಿಗೆ ಈ ಭಾಗ ಓದಿಸಿ.

ಚಂದ್ರವಳ್ಳಿ ದುರ್ಗದ ಪಕ್ಕದಲ್ಲೇ ಇದೆ. ಅಲ್ಲಿನ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ. ಪ್ರಾಕೃತ ಭಾಷೆ, ಕೆರೆಯ ವಿಷಯ. ಪುರಾತತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅವರು ಅದನ್ನು ಓದಿ, ಮಯೂರಶರ್ಮ ಗೆದ್ದ ರಾಜ್ಯಗಳ ಪಟ್ಟಿಯೇ ಅದರಲ್ಲಿದೆ ಅಂದರು. ಆಮೇಲೆ ಬಂದ ವಿದ್ವಾಂಸರು ಆ ಓದನ್ನು ಒಪ್ಪಲಿಲ್ಲ. ಒಂದೇ ಕಲ್ಲು, ಬೇರೆ ಬೇರೆ ಓದು. ಇತಿಹಾಸ ಅಂದರೆ ರಾಜರ ಹೆಸರು, ಇಸವಿ ಬಾಯಿಪಾಠ ಮಾಡುವುದು ಅಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗುತ್ತದೆ? ಕಾಲೇಜು ಮುಗಿಸಿ ಆಟೋ ಹತ್ತಿದರೆ ಆಯಿತು, ಕಣ್ಣಾರೆ ನೋಡಬಹುದು. ಅಲ್ಲೇ ಅಗೆದಾಗ ರೋಮನ್ ನಾಣ್ಯಗಳೂ ಸಿಕ್ಕಿವೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಇನ್ನೂ ದೊಡ್ಡದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಕಿರು ಬಂಡೆ ಶಾಸನಗಳಿವೆ. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಹೋದ ಆಜ್ಞೆ ಅದು. ಬರೆದವನು ಚಪಡ ಎಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಕೊರೆದು, ಕೊನೆಗೆ ತಾನು ಲಿಪಿಕಾರ ಎಂಬ ಒಂದು ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಲಿಪಿ ಬಲ್ಲವನೊಬ್ಬ ನಮ್ಮ ಮೊಳಕಾಲ್ಮುರು ಸೀಮೆಗೆ ಯಾಕೆ ಬಂದಿದ್ದ? ಇಂಥ ಪ್ರಶ್ನೆ ನಿಮ್ಮ ತಲೆ ಕೆಡಿಸಿದರೆ ನೀವು ಸರಿಯಾದ ವಿಷಯವನ್ನೇ ಆರಿಸಿದ್ದೀರಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿದರು. ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಸಮಾಧಿಗಳ ಕಾಲ ಕಟ್ಟಲು ಅವರಿಗೆ ದಾರಿಯಾದದ್ದು ಈ ಅಗೆತ. ಪುರಾತತ್ವದ ಪಠ್ಯಪುಸ್ತಕದಲ್ಲಿ ಈ ಎರಡು ಊರಿನ ಹೆಸರು ಬಂದೇ ಬರುತ್ತದೆ.

ಇನ್ನು ದುರ್ಗದ ಕೋಟೆ. 1779ರಲ್ಲಿ ಹೈದರಾಲಿ ಕೈಗೆ ಸಿಗುವ ತನಕ ನಾಯಕರ ರಾಜಧಾನಿ. ಕೋಟೆಯನ್ನು ಟೂರಿಸ್ಟ್ ಥರ ನೋಡಿದವರು ಲಕ್ಷ ಜನ. ನೀರಿನ ವ್ಯವಸ್ಥೆ, ಬಾಗಿಲುಗಳ ತಿರುವು, ಕಟ್ಟಿದ ಕಾಲದ ವ್ಯತ್ಯಾಸ ಅಂತ ಒಂದೊಂದೇ ಗುರುತು ಹಾಕಿಕೊಂಡು ನೋಡಿದವರು ಕಡಿಮೆ. ರಂಗಯ್ಯನ ಬಾಗಿಲಿನ ಹತ್ತಿರ ಸರ್ಕಾರಿ ವಸ್ತುಸಂಗ್ರಹಾಲಯವೂ ಇದೆ. ದಾವಣಗೆರೆ ಕಡೆಯವರಿಗೆ ಹರಿಹರದ ಹರಿಹರೇಶ್ವರ ದೇವಸ್ಥಾನ: 13ನೇ ಶತಮಾನದಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು, ಆವರಣದ ತುಂಬ ಶಾಸನ. ಚನ್ನಗಿರಿ ತಾಲ್ಲೂಕಿನಲ್ಲಿ ಸಂತೇಬೆನ್ನೂರಿನ ಪುಷ್ಕರಣಿ. ದಾವಣಗೆರೆ ಪೇಟೆಯ ಒಳಗೇ ಆನೆಕೊಂಡದ ಈಶ್ವರ ದೇವಸ್ಥಾನ.

ಇಷ್ಟೆಲ್ಲ ಕಾಲಬುಡದಲ್ಲಿ ಇಟ್ಟುಕೊಂಡು ಅದನ್ನು ತೋರಿಸದ ಕಾಲೇಜು ಯಾಕೆ ಬೇಕು? ವಿಭಾಗಕ್ಕೆ ಹೋದಾಗ ಎಲ್ಲಿಗೆ ಕರ್ಕೊಂಡು ಹೋಗಿದ್ರಿ ಅಂತ ಕೇಳಿ ಎಂದದ್ದು ಇದಕ್ಕೇ.

ಹೊರಗೆ ಹೋಗಲೇಬೇಕು ಅನ್ನುವವರಿಗೆ

ಹೋಗಬಾರದು ಅಂತಲ್ಲ. ದೆಹಲಿ, ಹೈದರಾಬಾದ್ ಕಡೆಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಅದರ ಅರ್ಜಿ ಸಾಮಾನ್ಯವಾಗಿ ಪಿಯುಸಿ ಫಲಿತಾಂಶಕ್ಕೂ ಮುಂಚೆಯೇ ಮುಗಿದಿರುತ್ತದೆ, ಫಲಿತಾಂಶ ಬಂದ ಮೇಲೆ ಎಚ್ಚೆತ್ತರೆ ಆ ವರ್ಷ ಹೋಯಿತು. ಪಾಠವೂ ಇಂಗ್ಲಿಷಿನಲ್ಲಿ.

ನನಗೆ ಅನಿಸುವುದು ಇಷ್ಟು: ಬಿಎ ಇಲ್ಲೇ ಗಟ್ಟಿಯಾಗಿ ಮಾಡಿ, ಎಂಎಗೆ ಹೊರಗೆ ಹೋಗಿ. ಪುರಾತತ್ವಕ್ಕೆ ಮೈಸೂರು ವಿಶ್ವವಿದ್ಯಾಲಯ, ಶಾಸನಕ್ಕೆ ಧಾರವಾಡ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಎಲ್ಲವೂ ಒಂದು ಹಗಲಿನ ಪ್ರಯಾಣದಲ್ಲಿವೆ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ಶಾಖೆಯ ಮುಖ್ಯ ಕಚೇರಿಯೂ ಮೈಸೂರಿನಲ್ಲೇ ಇರುವುದು. ಪಿಯು ಉಪನ್ಯಾಸಕರಾಗಲು ಎಂಎ ಜೊತೆ ಬಿಇಡಿ, ಡಿಗ್ರಿ ಕಾಲೇಜಿಗೆ ಎಂಎ ಜೊತೆ ನೆಟ್ ಅಥವಾ ಕೆಸೆಟ್ ಬೇಕು. ಎಂಎಯಲ್ಲಿ ಶೇ. 55 ತಪ್ಪಬಾರದು. ಪರಿಶಿಷ್ಟರಿಗೆ ಶೇ. 50.

ಮಾಧ್ಯಮದ ಪ್ರಶ್ನೆಯೂ ಇಲ್ಲೇ ಬರುತ್ತದೆ. ನಮ್ಮಲ್ಲಿ ಬಿಎ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಬರೆಯಿರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ರೈಸ್, ವೀಲರ್ ಬರೆದಿರುವುದು ಇಂಗ್ಲಿಷಿನಲ್ಲಿ. ವಾರಕ್ಕೆ ನಾಲ್ಕು ಪುಟ ಇಂಗ್ಲಿಷ್ ಇತಿಹಾಸ ಓದುವ ರೂಢಿ ಮೊದಲ ವರ್ಷದಿಂದಲೇ ಇರಲಿ.

ಕೆಲಸ ಮಾಡುತ್ತಾ ಓದಬೇಕಾದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಬೇರೆ ಯಾವುದೋ ಊರಿನ ದೂರಶಿಕ್ಷಣದ ಪೋಸ್ಟರ್ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ, ಆ ಕೋರ್ಸಿಗೆ ಆ ವರ್ಷ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ಮಾನ್ಯತೆ ಇದೆಯಾ ಅಂತ ನೋಡದೆ ದುಡ್ಡು ಕಟ್ಟಬೇಡಿ.

ಅರ್ಜಿ ಹಾಕುವಾಗ

ಪ್ರವೇಶದ ಅರ್ಜಿ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿಸಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ರೆಡಿ ಇರಲಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಫಲಿತಾಂಶಕ್ಕೆ ಕಾಯದೆ ಈಗಲೇ ನಾಡಕಚೇರಿಗೆ ಹೋಗಿ. ಅದರ ಮೇಲಿರುವ ಆರ್‌ಡಿ ನಂಬರ್ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿಗೂ ಬೇಕು, ಹಾಸ್ಟೆಲ್‌ಗೂ ಬೇಕು.

ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸುವಾಗ ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಅಂಗಡಿಯವರ ನಂಬರ್ ಹಾಕಿಸಿಕೊಂಡು ಆಮೇಲೆ ಪ್ರತಿ ಒಟಿಪಿಗೂ ಅವರ ಮುಂದೆ ನಿಲ್ಲುವವರು ಬೇಕಾದಷ್ಟು ಜನ ಇದ್ದಾರೆ. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಮೂರು ವರ್ಷ ಪರೀಕ್ಷೆ, ಫಲಿತಾಂಶ ಎಲ್ಲದಕ್ಕೂ ಅದೇ ಲಾಗಿನ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಒಂದೇ ಥರ ಇದೆಯಾ ಅಂತಲೂ ನೋಡಿ. ಇನಿಶಿಯಲ್ ಹಿಂದೆ ಮುಂದೆ ಆಗಿದ್ದಕ್ಕೇ ಸ್ಕಾಲರ್‌ಶಿಪ್ ನಿಂತ ಉದಾಹರಣೆ ಪ್ರತಿ ಊರಿನಲ್ಲೂ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು.

ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ತಗೊಳ್ಳಿ. ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಟಿಸಿ ಮಾತ್ರ ಕೊಡಬೇಕು, ಕೊಡುವ ಮುಂಚೆ ನಾಲ್ಕು ಜೆರಾಕ್ಸ್ ಮಾಡಿಸಿಕೊಳ್ಳಿ.

ಸೇರಿದ ಮೊದಲ ವಾರವೇ ಪೋರ್ಟಲ್ ತೆರೆದು ನಿಮ್ಮ ಹೆಸರಿನ ಮುಂದೆ ಯಾವ ಮೂರು ವಿಷಯ ಬಂದಿವೆ ಅಂತ ನೋಡಿ. ನೀವು ಐಚ್ಛಿಕ ಕನ್ನಡ ಹೇಳಿರುತ್ತೀರಿ, ಅಲ್ಲಿ ಸಮಾಜಶಾಸ್ತ್ರ ಬಂದಿರುತ್ತದೆ. ಆಗಲೇ ಲಿಖಿತ ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳಿ. ವಿಷಯ ಬದಲಿಸಲು ಸಿಗುವುದು ಶುರುವಿನ ಕೆಲವು ವಾರ ಮಾತ್ರ. ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೆ ನೋಡಿಕೊಂಡು ಹೋದರೆ ಪ್ರಿನ್ಸಿಪಾಲರೂ ಏನೂ ಮಾಡಲಾರರು.